ಬ್ಲ್ಯಾಕ್ ಬೆಲ್ಟ್ ಸಿಕ್ಕ ಎಷ್ಟು ವರ್ಷಕ್ಕೆ ಕರಾಟೆ ಕಲಿಸಲು ಆರಂಭಿಸಬಹುದು?

ನೀವು ಸಿಂಧನೂರಿನವರು, ಬ್ರೌನ್ ಬೆಲ್ಟ್, ಡಿಸೆಂಬರಿನಲ್ಲಿ ಬ್ಲ್ಯಾಕ್ ಬೆಲ್ಟ್ ಪರೀಕ್ಷೆ. ಅದು ಮುಗಿದ ಕೂಡಲೇ ಸಣ್ಣ ಮಕ್ಕಳ ಬ್ಯಾಚ್ ವಹಿಸಿಕೊಡುವುದಾಗಿ ಮಾಸ್ಟರ್ ಹೇಳಿದ್ದಾರೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ಊರು ಮಾತ್ರ ರಾಯಚೂರು.

ನನಗೆ ಬೆಲ್ಟ್ ಸಿಕ್ಕ ಎರಡನೆಯ ತಿಂಗಳಿಗೇ ನಮ್ಮ ಮಾಸ್ಟರ್‌ಗೆ ಹೈದರಾಬಾದಿನಲ್ಲಿ ಕೆಲಸವಾಯಿತು. ಹೊರಡುವ ಹಿಂದಿನ ದಿನ ಬೀಗದ ಕೈಯನ್ನು ನನಗೆ ಕೊಟ್ಟು, "ಸಣ್ಣ ಮಕ್ಕಳು ತಾನೆ, ನೀನು ನೋಡಿಕೋ" ಎಂದರು. ಇಪ್ಪತ್ತೆರಡು ಮಕ್ಕಳು. ಬಾಡಿಗೆಗೆ ಹಿಡಿದ ಸಭಾಂಗಣ, ಶಹಾಬಾದ್ ಕಲ್ಲಿನ ನೆಲ. ಏಪ್ರಿಲ್ ತಿಂಗಳ ನಮ್ಮೂರು ನಿಮಗೆ ಗೊತ್ತೇ ಇದೆ. ಸಂಜೆ ಆರಾದರೂ ಆ ಕಲ್ಲಿನ ಕಾವು ಇಳಿಯುತ್ತಿರಲಿಲ್ಲ.

ಮೂರು ವಾರ ಎಲ್ಲವೂ ಚೆನ್ನಾಗಿದೆ ಎಂದೇ ತಿಳಿದಿದ್ದೆ. ನನ್ನ ಒದೆತ ತಲೆಯ ಎತ್ತರಕ್ಕೆ ಹೋಗುತ್ತಿತ್ತು, ಹೆಯಾನ್‌ನ ಐದೂ ಕಟಾಗಳನ್ನು, ಅಂದರೆ ಏಟು-ತಡೆಗಳ ನಿಗದಿತ ಸರಣಿಗಳನ್ನು, ತಪ್ಪಿಲ್ಲದೆ ಮಾಡಿ ತೋರಿಸುತ್ತಿದ್ದೆ. ಕರೆದೊಯ್ಯಲು ಬಂದ ಅಪ್ಪಂದಿರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ನೋಡುತ್ತಾರೆಂದೇ ನಾಲ್ಕನೆಯ ವಾರ ಮಕ್ಕಳನ್ನು ಜೋಡಿ ಮಾಡಿ ಕುಮಿತೆಗೆ, ಅಂದರೆ ಎದುರುಬದುರು ಕಾದಾಟಕ್ಕೆ, ಬಿಟ್ಟೆ. ಆಶಿ ಬರಾಯಿಯನ್ನೂ ಹೇಳಿಕೊಟ್ಟಿದ್ದೆ. ಎದುರಾಳಿಯ ಕಾಲನ್ನು ಪಾದದಿಂದ ಗುಡಿಸಿ ಕೆಡಹುವ ಪಟ್ಟು ಅದು. ಗದ್ದವನ್ನು ಎದೆಗೊತ್ತಿ, ಬೆನ್ನನ್ನು ಬಾಗಿಸಿ, ಅಂಗೈಯಿಂದ ನೆಲಕ್ಕೆ ಹೊಡೆದು, ತಲೆ ತಾಗದಂತೆ ಬೀಳುವ ಉಕೆಮಿಯನ್ನು ಮಾತ್ರ ಕಲಿಸಿರಲಿಲ್ಲ. ಕೆಡಹುವುದನ್ನು ಕಲಿಸಿದೆ, ಬೀಳುವುದನ್ನು ಕಲಿಸಲಿಲ್ಲ.

ಹನ್ನೊಂದು ವರ್ಷದ ಹುಡುಗಿ. ಎದುರಿಗೆ ಹದಿಮೂರರ ಹುಡುಗ. ಇಬ್ಬರದೂ ಹಸಿರು ಬೆಲ್ಟ್ ಎಂದು ಜೋಡಿ ಮಾಡಿದ್ದೆ, ತೂಕವನ್ನು ನೋಡಿರಲಿಲ್ಲ. ಹುಡುಗ ನಾನು ಹೇಳಿದಂತೆಯೇ ಕಾಲು ಗುಡಿಸಿದ. ಅವಳ ತಲೆಯ ಹಿಂಭಾಗ ಕಲ್ಲಿಗೆ ಬಡಿದ ಸದ್ದು ಸಭಾಂಗಣದ ತುಂಬ ಕೇಳಿಸಿತು.

ಇದನ್ನೇ ನನ್ನ ತಪ್ಪು ಎಂದುಕೊಳ್ಳಬೇಡಿ. ಇವೂ ತಪ್ಪುಗಳೇ, ಆದರೆ ನನಗೆ ನಿಜವಾಗಿ ದುಬಾರಿಯಾದ ತಪ್ಪು ಇದಾದ ಹತ್ತು ಸೆಕೆಂಡಿಗೆ ನಡೆಯಿತು. ಅವಳು ತಾನಾಗಿಯೇ ಎದ್ದಳು. ನಾನು ಕೇಳಿದೆ: "ಏನೂ ಆಗಿಲ್ಲ ತಾನೆ?" ಅವಳು ಹೇಳಿದಳು: "ಇಲ್ಲ ಮಾಸ್ಟರ್."

ಆ ಪ್ರಶ್ನೆಯನ್ನು ಎಷ್ಟು ರಾತ್ರಿ ಬಿಡಿಸಿ ನೋಡಿದ್ದೇನೋ ಲೆಕ್ಕವಿಲ್ಲ. "ಏನಾಯಿತು?" ಎಂದು ಕೇಳಿದ್ದರೆ ಅವಳು ಹೇಳಬೇಕಾಗುತ್ತಿತ್ತು. "ಎಲ್ಲಿ ನೋವು?" ಎಂದಿದ್ದರೆ ತೋರಿಸಬೇಕಾಗುತ್ತಿತ್ತು. "ಏನೂ ಆಗಿಲ್ಲ ತಾನೆ?" ಎನ್ನುವಾಗ ಉತ್ತರವನ್ನು ನಾನೇ ಅವಳ ಬಾಯಿಗಿಟ್ಟಿದ್ದೆ. ಇಪ್ಪತ್ತೊಂದು ಮಕ್ಕಳು ಸುತ್ತ ನಿಂತಿದ್ದಾಗ, ಗುರು ಎಂದು ಕೈಮುಗಿಯುವವನು ಹಾಗೆ ಕೇಳಿದರೆ, ಹನ್ನೊಂದರ ಮಗು ಬೇರೇನು ಹೇಳೀತು? ನಾನು ಕೇಳಿದ್ದು ಅವಳ ಸಲುವಾಗಿ ಆಗಿರಲಿಲ್ಲ, ನನ್ನ ಸಮಾಧಾನಕ್ಕೆ. ಒಂದು ಲೋಟ ನೀರು ಕುಡಿಸಿ ಮತ್ತೆ ಸಾಲಿಗೆ ನಿಲ್ಲಿಸಿದೆ. ಉಳಿದ ಇಪ್ಪತ್ತು ನಿಮಿಷ ಅವಳು ಎಲ್ಲರೊಡನೆ ಒದೆತ ಹಾಕಿದಳು. ತಲೆಗೆ ಪೆಟ್ಟು ಬಿದ್ದ ಮಗುವನ್ನು ಆ ದಿನ ಮತ್ತೆ ಆಡಿಸಬಾರದು, ವಾಂತಿ, ಮಂಪರು, ತಲೆನೋವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು, ಹಾಗಾಗಿ ಮನೆಯವರಿಗೆ ಹೇಳಿ ಕಳುಹಿಸಬೇಕು: ಇದೊಂದೂ ನನಗೆ ಗೊತ್ತಿರಲಿಲ್ಲ. ಬೆಲ್ಟ್ ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ.

ರಾತ್ರಿ ಒಂಬತ್ತಕ್ಕೆ ಅವಳ ತಂದೆಯ ಫೋನ್ ಬಂತು. ಎರಡು ಸಲ ವಾಂತಿಯಾಗಿದೆ, ಕರೆದರೆ ಸರಿಯಾಗಿ ಮಾತನಾಡುತ್ತಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು, ರಕ್ತಸ್ರಾವವಿರಲಿಲ್ಲ, ಎರಡು ದಿನ ಇರಿಸಿಕೊಂಡರು. ಗುಣವಾದಳು. ಮತ್ತೆ ತರಗತಿಗೆ ಬರಲಿಲ್ಲ. ತಿಂಗಳೊಳಗೆ ಸಭಾಂಗಣದ ಬೀಗದ ಕೈ ವಾಪಸ್ಸು ಕೊಟ್ಟೆ. ಕಾಲು ಗುಡಿಸಿದ ಹುಡುಗನೂ ಕರಾಟೆ ಬಿಟ್ಟ. ತನ್ನಿಂದಲೇ ಹೀಗಾಯಿತೆಂದು ಅವನು ಅಳುತ್ತಿದ್ದುದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಮಗುವಿನ ಹತ್ತಿರ ಹೋಗಿ "ನಿನ್ನ ತಪ್ಪಿಲ್ಲ" ಎಂದು ಹೇಳಬೇಕಾದವನು ನಾನೇ ಆಗಿದ್ದೆ.

ನಮ್ಮ ಅಜ್ಜ ಗರಡಿಯ ವಸ್ತಾದರು. ಕಾರ ಹುಣ್ಣಿಮೆಯ ಕುಸ್ತಿಗೆ ಹುಡುಗರನ್ನು ತಯಾರು ಮಾಡುತ್ತಿದ್ದವರು. ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಆ ಕೂಸು ಏಳುವಾಗ ಅದರ ಕಣ್ಣು ಎಲ್ಲಿ ನೋಡುತ್ತಿತ್ತು?" ನನ್ನಲ್ಲಿ ಉತ್ತರವಿರಲಿಲ್ಲ. ಆ ಹೊತ್ತಿನಲ್ಲಿ ನಾನು ಬಾಗಿಲಲ್ಲಿ ನಿಂತಿದ್ದ ಅಪ್ಪಂದಿರನ್ನು ನೋಡುತ್ತಿದ್ದೆ.

ಆದ್ದರಿಂದ ನಿಮ್ಮ "ಎಷ್ಟು ವರ್ಷ" ಎಂಬ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಬೆಲ್ಟಿನಿಂದ ದಿನ ಎಣಿಸುವುದು ತಪ್ಪು ಜಾಗದಿಂದ ಎಣಿಸಿದಂತೆ. ಕ್ಯು (ಬ್ಲ್ಯಾಕ್ ಬೆಲ್ಟಿಗೆ ಮೊದಲಿನ ದರ್ಜೆಗಳು), ಡಾನ್ (ಬ್ಲ್ಯಾಕ್ ಬೆಲ್ಟಿನಿಂದ ಮೇಲಿನವು) ಎಂಬ ಈ ಮೆಟ್ಟಿಲುಗಳು ಕರಾಟೆಗೆ ಬಂದದ್ದು ಜೂಡೋದಿಂದ. 1882ರಲ್ಲಿ ಕೊಡೊಕಾನ್ ಎಂಬ ಜೂಡೋ ಶಾಲೆಯನ್ನು ಸ್ಥಾಪಿಸಿದ ಜಿಗೊರೊ ಕಾನೊ ಆ ಪದ್ಧತಿಯನ್ನು ರೂಪಿಸಿದರು. ಓಕಿನಾವಾದಿಂದ 1922ರಲ್ಲಿ ಟೋಕಿಯೊಗೆ ಬಂದ ಕರಾಟೆ ಗುರು ಗಿಚಿನ್ ಫುನಾಕೋಶಿ ಅದನ್ನು ತಮ್ಮ ಶಿಷ್ಯರಿಗೆ ಅಳವಡಿಸಿದರು. ಡಿಸೆಂಬರಿನಲ್ಲಿ ನಿಮಗೆ ಸಿಗುವ ಶೋಡಾನ್ (ಮೊದಲ ಡಾನ್) ಎಂಬ ಪದದಲ್ಲಿ "ಶೋ" ಎಂದರೆ ಆರಂಭ. ಕಲಿಯಲು ತಯಾರಾದವನು ಎಂಬುದಕ್ಕೆ ಕೊಡುವ ಬಟ್ಟೆಯನ್ನು ನಾವು ಕಲಿಸುವ ಪರವಾನಗಿ ಎಂದುಕೊಂಡಿದ್ದೇವೆ.

ಇನ್ನೊಂದು ಮಾತು, ಇದಕ್ಕೆ ನಿಮ್ಮ ಮಾಸ್ಟರ್ ಬೇಸರ ಮಾಡಿಕೊಂಡರೂ ಹೇಳುತ್ತೇನೆ. ಹೊಸ ಶಿಕ್ಷಕನಿಗೆ ಸಣ್ಣ ಮಕ್ಕಳ ಬ್ಯಾಚ್ ಕೊಡುವ ರೂಢಿಯೇ ತಲೆಕೆಳಗಾದದ್ದು. ದೊಡ್ಡವರು ನೋವಾದರೆ ಬಾಯಿಬಿಟ್ಟು ಹೇಳುತ್ತಾರೆ, ಎಂಟರ ಮಗು ಹೇಳುವುದಿಲ್ಲ. ಅಜ್ಜ ಹೊಸ ಹುಡುಗರನ್ನು ಬೇರೆ ಯಾರ ಕೈಗೂ ಬಿಡುತ್ತಿರಲಿಲ್ಲ. ಅವರನ್ನು ಇಳಿಸುವ ಮೊದಲು ಅಖಾಡದ ಕೆಮ್ಮಣ್ಣನ್ನು ತಾವೇ ಸಲಿಕೆಯಿಂದ ಅಗೆದು, ಮುಷ್ಟಿಯಲ್ಲಿ ಹಿಡಿದು ಅದರ ಹದ ನೋಡುತ್ತಿದ್ದರು. ನಾನು ಆ ಕಲ್ಲಿನ ನೆಲವನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ನಡೆಸುವ ಮೂರು ತಿಂಗಳ ಆತ್ಮರಕ್ಷಣೆ ತರಬೇತಿಗೆ ಹೋದರೆ ನಾಲ್ಕು ಕಾಸು ಆದೀತು ಎಂದೂ ಬರೆದಿದ್ದೀರಿ. ಹಣದ ಅಗತ್ಯ ನನಗೆ ಅರ್ಥವಾಗುತ್ತದೆ. ಆದರೂ ಈಗಲೇ ಒಬ್ಬರೇ ಹೋಗಬೇಡಿ, ಅನುಭವಿ ತರಬೇತುದಾರರ ಜೊತೆಗೆ ಸಹಾಯಕರಾಗಿ ಹೋಗಿ.

ನಾನು ಆಮೇಲೆ ಬೇರೊಬ್ಬ ಗುರುಗಳ ಬಳಿ ಎರಡು ವರ್ಷ ಹಿಂದಿನ ಸಾಲಿನಲ್ಲಿ ನಿಂತೆ. ಮೊದಲ ಆರು ತಿಂಗಳು ಅವರು ನನಗೆ ಕೊಟ್ಟ ಕೆಲಸ ಒಂದೇ: ಮಕ್ಕಳನ್ನು ನೋಡುವುದು. ತರಗತಿ ಮುಗಿದ ಮೇಲೆ, "ಇವತ್ತು ಯಾರು ಎಡಗಾಲಿಗೆ ಭಾರ ಕೊಡಲಿಲ್ಲ? ಯಾರು ನೀರು ಕುಡಿಯಲಿಲ್ಲ?" ಎಂದು ಕೇಳುತ್ತಿದ್ದರು. ಮೊದಮೊದಲು ಒಂದಕ್ಕೂ ಉತ್ತರ ಕೊಡಲಾಗಲಿಲ್ಲ. ಉತ್ತರಗಳು ತಾವಾಗಿ ಬರತೊಡಗಿದ ಮೇಲೆ ಅವರು ಐದು ಮಕ್ಕಳನ್ನು ನನಗೆ ಒಪ್ಪಿಸಿದರು. ಈಗ ನನ್ನ ತರಗತಿಯಲ್ಲಿ ಕಲ್ಲಿನ ಮೇಲೆ ಮ್ಯಾಟ್ ಇದೆ, ಮೊದಲ ತಿಂಗಳು ಬೀಳುವುದನ್ನು ಬಿಟ್ಟು ಬೇರೇನನ್ನೂ ಕಲಿಸುವುದಿಲ್ಲ. ಬೇಸರವೆಂದು ಬಿಟ್ಟು ಹೋಗುವ ಮಕ್ಕಳಿದ್ದಾರೆ. ಹೋಗಲಿ.

ಸಿಂಧನೂರಿನಿಂದ ಬೆಳಿಗ್ಗೆ ಬಸ್ ಹತ್ತಿದರೆ ಸುಮಾರು ಎರಡು ಗಂಟೆಯ ದಾರಿ. ಯಾವುದಾದರೂ ಭಾನುವಾರ ಬನ್ನಿ. ಕರಾಟೆ ಬಟ್ಟೆ ತರಬೇಡಿ, ಒಂದು ಗಂಟೆ ಮೂಲೆಯಲ್ಲಿ ಕುಳಿತು ನೋಡಿ ಸಾಕು. ಮಕ್ಕಳು ಮನೆಗೆ ಹೋದ ಮೇಲೆ ಆ ಗುರುಗಳು ನನ್ನನ್ನು ಕೇಳುತ್ತಿದ್ದ ಪ್ರಶ್ನೆಗಳನ್ನೇ ನಿಮಗೂ ಕೇಳುತ್ತೇನೆ.