ರಾತ್ರಿ ದಾಳಿಗೆ ಹೋಗಿ ಸತ್ತ ಎಷ್ಟೋ ಬಾಂಬರ್ ಸಿಬ್ಬಂದಿಗೆ ಸಮಾಧಿ ಇಲ್ಲ, ಗೋಡೆ ಮೇಲೆ ಬರೀ ಹೆಸರಿದೆ, ಯಾಕೆ?

ದೇಹಾನೇ ಸಿಗಲಿಲ್ಲ, ಅದಕ್ಕೆ. ಸಿಕ್ಕವರಿಗೆ ಸಮಾಧಿ ಇದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್‌ನ ಬಾಂಬರ್‌ಗಳು ಕತ್ತಲಲ್ಲಿ ಸಮುದ್ರ ದಾಟಿ ಜರ್ಮನಿಗೆ ಹೋಗ್ತಿದ್ವು, ಹೊಡೆತ ತಿಂದು ನೀರಿಗೆ ಬಿದ್ರೆ ಎಲ್ಲಿ ಬಿತ್ತು ಅಂತ ನೋಡಿದವರೇ ಇರ್ತಿರ್ಲಿಲ್ಲ ಎಷ್ಟೋ ಸಲ, ಒಂದು ಲ್ಯಾಂಕಾಸ್ಟರ್ ಬಾಂಬರ್ ಹೋದ್ರೆ ಸಾಮಾನ್ಯವಾಗಿ ಏಳು ಜನ ಒಟ್ಟಿಗೇ ಹೋದಂಗೆ. ಬ್ರಿಟನ್ ವಾಯುಪಡೆಯ ಬಾಂಬರ್ ವಿಭಾಗ, ಅಂದ್ರೆ ಬಾಂಬರ್ ಕಮಾಂಡ್‌ನಲ್ಲೇ 55,000ಕ್ಕೂ ಹೆಚ್ಚು ಜನ ಸತ್ರು ಮಾರಾಯ್ರೇ! ಹೀಗೆ ಸಮಾಧಿ ಇಲ್ಲದ ವಾಯುಪಡೆಯವರಿಗೆ ಅಂತ್ಲೇ 1953ರಲ್ಲಿ ಲಂಡನ್ ಹತ್ರ ರನ್ನಿಮೀಡ್‌ನಲ್ಲಿ ಸ್ಮಾರಕ ಉದ್ಘಾಟನೆ ಆಯ್ತು, 20,000ಕ್ಕೂ ಹೆಚ್ಚು ಹೆಸರು ಕೆತ್ತಿದಾರೆ. ಅಪರೂಪಕ್ಕೆ ವಿಮಾನ ಸಿಗೋದೂ ಉಂಟು, 1943ರ ಮಾರ್ಚಲ್ಲಿ ಬರ್ಲಿನ್ ದಾಳಿಗೆ ಹೋಗಿ ಕಾಣೆಯಾದ ಸ್ಟರ್ಲಿಂಗ್ ಬಾಂಬರ್ ಒಂದನ್ನ 2020ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಾರ್ಕರ್‌ಮೇರ್ ಸರೋವರದ ತಳದಿಂದ ಎತ್ತಿದ್ರು.