ಅಮೆರಿಕದ ಅರ್ಜಿಯಲ್ಲಿ ಸಿಇಟಿ ರ‍್ಯಾಂಕ್ ಬರೆಯಬೇಕಾ?

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಈ ಆಗಸ್ಟ್‌ನಲ್ಲಿ ಎಂಎಸ್ ಮಾಡೋಕೆ ಷಿಕಾಗೋಗೆ ಹೊರಟಿದ್ದೀರಿ. ಒಂದು ಟ್ರೇಡಿಂಗ್ ಕಂಪನಿಯ ಇಂಟರ್ನ್‌ಶಿಪ್ ಫಾರ್ಮ್ ತೆರೆದರೆ ಎಸ್‌ಎಟಿ ಅಂಕ ಕೇಳುತ್ತಿದೆ, ನೀವು ಆ ಪರೀಕ್ಷೆ ಬರೆದೇ ಇಲ್ಲ. ಅದರ ಬದಲು ಸಿಇಟಿ ರ‍್ಯಾಂಕ್ ಹಾಕಬಹುದಾ, ರೆಸ್ಯೂಮೆಯಲ್ಲೂ ಪಿಯುಸಿ, ಸಿಇಟಿ ಎಲ್ಲ ಇರಬೇಕಾ, ಅಲ್ಲೂ ಇಲ್ಲಿನ ಹಾಗೆ ಜೀವನಪೂರ್ತಿ ಅಂಕ ಕೇಳುತ್ತಾರಾ ಅಂತ ಕೇಳಿದ್ದೀರಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಫಾರ್ಮ್ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ರೆಸ್ಯೂಮೆಯಿಂದ ಸಿಇಟಿ ರ‍್ಯಾಂಕ್ ತೆಗೆದುಬಿಡಿ. ನಿಮ್ಮ ರ‍್ಯಾಂಕ್ ಒಳ್ಳೆಯದೇ. ಆದರೆ ಅದನ್ನು ಓದಿ ಬೆಲೆ ಕಟ್ಟಬಲ್ಲವರು ಅಲ್ಲಿ ಯಾರೂ ಇರುವುದಿಲ್ಲ.

ನಾನೂ ದಾವಣಗೆರೆಯವಳೇ. ಷಿಕಾಗೋದಲ್ಲಿ ನೆಲೆಸಿ ಬಹಳ ವರ್ಷವಾಯಿತು. ಫೈನಾನ್ಸ್ ಕಡೆಯ ಸಾಫ್ಟ್‌ವೇರ್ ಕೆಲಸ, ನಮ್ಮ ತಂಡಕ್ಕೆ ಬರುವ ರೆಸ್ಯೂಮೆಗಳನ್ನು ಓದುವವರಲ್ಲಿ ನಾನೂ ಒಬ್ಬಳು. ಸದ್ಯ ರಜೆಗೆ ಬಂದು ಪಿ.ಜೆ. ಬಡಾವಣೆಯ ಮನೆಯಲ್ಲಿದ್ದೇನೆ. ಸಿಇಟಿ ಫಲಿತಾಂಶದ ಕಾಲ ಅಲ್ವಾ, ಎಲ್ಲಿ ನೋಡಿದರೂ ಕಾಲೇಜುಗಳ ಫ್ಲೆಕ್ಸ್, ಅದರಲ್ಲಿ ಮಕ್ಕಳ ಪಾಸ್‌ಪೋರ್ಟ್ ಫೋಟೋ ಸಾಲುಸಾಲಾಗಿ, ಹೆಸರು ಸಣ್ಣಕ್ಕೆ, ರ‍್ಯಾಂಕ್ ಮಾತ್ರ ದಪ್ಪಕ್ಕೆ. ಮದುವೆ ಮನೆಯಲ್ಲಿ ಸಿಕ್ಕ ನೆಂಟರೂ ಮೊದಲು ಕೇಳೋದು ಅದನ್ನೇ. ಇಂಥ ಊರಲ್ಲಿ ಬೆಳೆದವರಿಗೆ ಆ ಸಂಖ್ಯೆ ಬಿಟ್ಟು ತಮ್ಮ ಪರಿಚಯ ಹೇಳಿಕೊಳ್ಳೋದೇ ಕಷ್ಟ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಎಸ್‌ಎಟಿ ಅಂದರೆ ಅಲ್ಲಿನ ಹೈಸ್ಕೂಲ್ ಮಕ್ಕಳು ಪದವಿ ಸೇರೋಕೆ ಬರೆಯುವ ಪರೀಕ್ಷೆ. 1926ರಿಂದ ಇದೆ. ಗಣಿತಕ್ಕೆ 800, ಓದು ಮತ್ತು ಬರವಣಿಗೆಗೆ 800, ಒಟ್ಟು 1600. ಕೆಲಸ ಕೊಡುವಾಗ ಈ ಅಂಕ ಕೇಳುವವರು ಕಡಿಮೆ, ಆದರೆ ಕೇಳುವವರು ಎಲ್ಲರೂ ಮುಗಿಬೀಳುವ ಕಡೆಯವರೇ: ಇನ್ವೆಸ್ಟ್‌ಮೆಂಟ್ ಬ್ಯಾಂಕ್, ಕನ್ಸಲ್ಟಿಂಗ್, ಹೆಡ್ಜ್ ಫಂಡ್, ಟ್ರೇಡಿಂಗ್. ಗೋಲ್ಡ್‌ಮನ್ ಸ್ಯಾಕ್ಸ್, ಮೆಕಿನ್ಸೆ, ಬೇನ್ ಕಂಪನಿಗಳು ಹೊಸಬರಿಗೆ ಎಸ್‌ಎಟಿ ಅಂಕ ಕೇಳುತ್ತವೆ ಅಂತ 2014ರಲ್ಲೇ ಅಲ್ಲಿನ ಪತ್ರಿಕೆಗಳಲ್ಲಿ ಬಂದಿತ್ತು. ಕಾರಣ ಸರಳ. ಕೆಲವೇ ಜಾಗಕ್ಕೆ ಸಾವಿರಾರು ಅರ್ಜಿ ಬರುತ್ತವೆ, ಒಂದೊಂದು ಯೂನಿವರ್ಸಿಟಿಯ ಜಿಪಿಎ, ಅಂದರೆ ಸರಾಸರಿ ಅಂಕ, ಒಂದೊಂದು ತೂಕದ್ದು, ಆ ರಾಶಿಯನ್ನು ಅರ್ಧಕ್ಕೆ ಇಳಿಸೋಕೆ ಎಲ್ಲರಿಗೂ ಹೊಂದುವ ಒಂದು ಅಳತೆ ಬೇಕು. ನನಗೆ ಈ ಪದ್ಧತಿ ಇಷ್ಟವಿಲ್ಲ. ಹದಿನೇಳು ವಯಸ್ಸಿನಲ್ಲಿ ಕೋಚಿಂಗ್‌ಗೆ ದುಡ್ಡು ಇದ್ದವರು, ಇಲ್ಲದವರು ಅನ್ನೋ ವ್ಯತ್ಯಾಸ ಇಪ್ಪತ್ತೆರಡಕ್ಕೂ ಬೆನ್ನು ಬಿಡುವುದಿಲ್ಲ ಅಂತಾದರೆ ಅದು ಅನ್ಯಾಯ.

ಹಾಗಂತ ಎಲ್ಲರೂ ಅದನ್ನು ನಂಬಿಲ್ಲ. ಗೂಗಲ್‌ನಲ್ಲಿ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಜ್ಲೋ ಬಾಕ್ 2013ರಲ್ಲಿ, ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ತಿಳಿಯೋಕೆ ಜಿಪಿಎ, ಪರೀಕ್ಷೆಯ ಅಂಕ ಎರಡೂ ಪ್ರಯೋಜನಕ್ಕೆ ಬರಲಿಲ್ಲ ಅಂತ ಬಹಿರಂಗವಾಗಿ ಹೇಳಿದ್ದರು. ಕಾನೂನಿನ ಕಡೆಯಿಂದಲೂ ಒಂದು ಭಯ ಇದೆ. 1971ರಲ್ಲಿ ಡ್ಯೂಕ್ ಪವರ್ ಕಂಪನಿಯ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಒಂದು ಪರೀಕ್ಷೆಯಿಂದ ಕಪ್ಪು ಜನಾಂಗದವರು ಹೆಚ್ಚಾಗಿ ಹೊರಗುಳಿಯುವ ಹಾಗಾದರೆ, ಆ ಪರೀಕ್ಷೆಗೂ ಆ ಕೆಲಸಕ್ಕೂ ಸಂಬಂಧ ಇದೆ ಅಂತ ಕಂಪನಿಯೇ ತೋರಿಸಬೇಕು ಅಂದಿತು. ಹಾಗಾಗಿ ಬಹಳ ಕಂಪನಿಗಳು ಈ ಅಂಕದ ತಂಟೆಗೇ ಹೋಗುವುದಿಲ್ಲ. ನೀವು ನೂರು ಅರ್ಜಿ ಹಾಕಿದರೆ ಇದನ್ನು ಕೇಳುವವರು ಬೆರಳೆಣಿಕೆ.

ಈಗ ನಿಮ್ಮ ಫಾರ್ಮಿಗೆ ಬರೋಣ. ಎಸ್‌ಎಟಿ ಜಾಗದಲ್ಲಿ ‘ಬರೆದಿಲ್ಲ’ ಅನ್ನೋ ಆಯ್ಕೆ ಇದ್ದರೆ ಅದನ್ನೇ ಒತ್ತಿ. ಅದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. 2020ರ ಕೋವಿಡ್ ಸಮಯದಲ್ಲಿ ಸಾಕಷ್ಟು ಯೂನಿವರ್ಸಿಟಿಗಳು ಎಸ್‌ಎಟಿ ಕಡ್ಡಾಯವಲ್ಲ ಅಂದವು. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು, ಆದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಅದನ್ನು ನೋಡೋದನ್ನೇ ಬಿಟ್ಟಿದೆ. ಅಲ್ಲೇ ಹುಟ್ಟಿದವರಲ್ಲೂ ಎಷ್ಟೋ ಜನರ ಹತ್ತಿರ ಆ ಅಂಕ ಇಲ್ಲ. ‘ಬೇರೆ ಪರೀಕ್ಷೆ’ ಅಂತ ಇನ್ನೊಂದು ಖಾನೆ ಇದ್ದರೆ ಅಲ್ಲಿ ನಿಮ್ಮ ಜಿಆರ್‌ಇ, ಅಂದರೆ ಎಂಎಸ್ ಸೇರೋಕೆ ಬರೆದ ಪರೀಕ್ಷೆಯ ಅಂಕ, ಹಾಕಿ. ಗಣಿತದಲ್ಲಿ 167 ಬಂದಿದೆ ಅಂದಿರಲ್ಲ, 167/170 ಅಂತಲೇ ಬರೆಯಿರಿ. ಆ ಪರೀಕ್ಷೆ ಅವರಿಗೆ ಗೊತ್ತು, ಅಂಕ ಐದು ವರ್ಷ ಚಾಲ್ತಿಯಲ್ಲಿ ಇರುತ್ತದೆ. ಜೆಇಇ ಮೇನ್ ಬರೆದಿದ್ದರೆ ಅದರ ಪರ್ಸೆಂಟೈಲ್ ಕೂಡ ಹಾಕಬಹುದು. ನೂರಕ್ಕೆ ಎಷ್ಟು ಜನರಿಗಿಂತ ಮುಂದೆ ಅನ್ನೋದು ಯಾವ ದೇಶದವರಿಗಾದರೂ ತಿಳಿಯುತ್ತದೆ.

ಸಿಇಟಿ ರ‍್ಯಾಂಕಿನ ಕಷ್ಟ ಇರೋದು ಇಲ್ಲೇ. 1,900 ಅಂದ ಕೂಡಲೇ ನಮಗೆ ಯಾವ ಕಾಲೇಜು, ಯಾವ ಬ್ರಾಂಚ್ ಸಿಗುತ್ತದೆ ಅಂತ ಕಣ್ಣಿಗೆ ಕಟ್ಟುತ್ತದೆ. ನಮ್ಮೂರಿನ ಬಿಐಇಟಿನಾ, ಯುಬಿಡಿಟಿನಾ, ಇಲ್ಲ ಬೆಂಗಳೂರಾ ಅಂತ ಅಲ್ಲೇ ಲೆಕ್ಕ ಹಾಕುತ್ತೇವೆ. ಅಲ್ಲಿಯವರಿಗೆ ಅದು ಬರೀ ಒಂದು ಸಂಖ್ಯೆ. ಎಷ್ಟು ಲಕ್ಷ ಜನರಲ್ಲಿ, ಪಿಯುಸಿಯ ಮೂರು ವಿಷಯದ ಅಂಕಕ್ಕೆ ಅರ್ಧ ತೂಕ, 180 ಅಂಕದ ಸಿಇಟಿಗೆ ಅರ್ಧ ತೂಕ ಅಂತೆಲ್ಲ ವಿವರಿಸೋಕೆ ಒಂದು ಪ್ಯಾರಾ ಬೇಕು. ರೆಸ್ಯೂಮೆ ಓದುವವರು ಮೊದಲ ಸುತ್ತಿನಲ್ಲಿ ಅಷ್ಟು ಹೊತ್ತು ಕೊಡುವುದಿಲ್ಲ. ಎಸ್‌ಎಟಿಯಲ್ಲೇ 2005ರಿಂದ 2016ರ ಶುರುವಿನವರೆಗೆ ಒಟ್ಟು 2400 ಇತ್ತು, ಹಾಗಾಗಿ ಆ ಕಾಲದವರು ಬರೀ 1550 ಅಂತ ಬರೆದರೆ ಅವರೂ ಎಷ್ಟಕ್ಕೆ ಎಷ್ಟು ಅಂತ ಹೇಳಲೇಬೇಕು. ಇನ್ನು ನಮ್ಮ ರ‍್ಯಾಂಕ್ ಯಾರಿಗೆ ಅರ್ಥವಾಗಬೇಕು?

ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ‘ಸಿಇಟಿ ರ‍್ಯಾಂಕ್ ಇಷ್ಟು ಅಂದರೆ ಎಸ್‌ಎಟಿ ಇಷ್ಟಕ್ಕೆ ಸಮ’ ಅಂತ ಕೆಲವರು ಪಟ್ಟಿ ಮಾಡಿ ಹಂಚುತ್ತಾರೆ. ಅದನ್ನು ನೋಡಿ ಅಂಕ ತುಂಬಬೇಡಿ. ವಿಟಿಯು ಸಿಜಿಪಿಎಯನ್ನು ನೀವೇ ಅಲ್ಲಿನ 4ರ ಅಳತೆಗೆ ಇಳಿಸೋದೂ ಬೇಡ, 8.6/10 ಅಂತ ಬಿಡಿ. ಆಫರ್ ಕೊಟ್ಟ ಮೇಲೆ ಹಿನ್ನೆಲೆ ಪರಿಶೀಲನೆ ಮಾಡಿಸುತ್ತಾರೆ, ಅಂಕದ ದಾಖಲೆಯನ್ನೂ ಕೇಳಬಹುದು. ಬರೆಯದ ಪರೀಕ್ಷೆಗೆ ಅಂಕ ಬರೆದಿದ್ದು ಆಗ ಗೊತ್ತಾದರೆ ಕೆಲಸ ಹೋಗುತ್ತದೆ, ನಮ್ಮಂಥವರಿಗೆ ಕೆಲಸದ ಜೊತೆ ವೀಸಾ ತಲೆನೋವೂ ಶುರುವಾಗುತ್ತದೆ. ಓದು ಮುಗಿದ ಮೇಲೆ ಸಿಗುವ ಮೊದಲ ಒಂದು ವರ್ಷದ ಓಪಿಟಿಯಲ್ಲಿ, ಅಂದರೆ ವಿದ್ಯಾರ್ಥಿ ವೀಸಾದ ಮೇಲೆ ಕೆಲಸ ಮಾಡೋಕೆ ಕೊಡುವ ಅನುಮತಿಯಲ್ಲಿ, ಕೆಲಸವಿಲ್ಲದೆ ಇರಬಹುದಾದ ದಿನಗಳು ಎಲ್ಲ ಸೇರಿ 90 ಮಾತ್ರ. ಫಾರ್ಮ್ ಖಾಲಿ ಬಿಡೋಕೆ ಬಿಡುತ್ತಿಲ್ಲ ಅಂದರೆ ಕಂಪನಿಯ ರಿಕ್ರೂಟರ್‌ಗೆ ಎರಡು ಸಾಲು ಈಮೇಲ್ ಮಾಡಿ ಕೇಳಿ. ಉತ್ತರ ಕೊಡುತ್ತಾರೆ.

ಇನ್ನು ನಿಮ್ಮ ರೆಸ್ಯೂಮೆ. ಕಳಿಸಿದ್ದನ್ನು ನೋಡಿದೆ. ಮೇಲಿನ ಅರ್ಧ ಪುಟದಲ್ಲಿ ಫೋಟೋ, ತಂದೆಯ ಹೆಸರು, ಹುಟ್ಟಿದ ದಿನ, ಎಸ್‌ಎಸ್‌ಎಲ್‌ಸಿ ಶೇಕಡಾ, ಪಿಯುಸಿ ಶೇಕಡಾ, ಸಿಇಟಿ ರ‍್ಯಾಂಕ್. ಕೊನೆಗೆ ‘ಮೇಲಿನದೆಲ್ಲ ಸತ್ಯ’ ಅಂತ ಘೋಷಣೆ, ಸಹಿ. ಇದೆಲ್ಲ ತೆಗೆಯಿರಿ. ಒಂದೇ ಪುಟ ಸಾಕು. ನನಗೆ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಎರಡನೇ ಪುಟದ ಕೆಳಗೆ ಒಂದೇ ಸಾಲಿನಲ್ಲಿ ‘ಮಷಿನ್ ಲರ್ನಿಂಗ್ ಬಳಸಿ ಮೆಕ್ಕೆಜೋಳದ ದರ ಅಂದಾಜು’ ಅಂತ ಬರೆದು ಮುಗಿಸಿದ್ದೀರಿ. ಕೇಳಿದ ಮೇಲೆ ಹೇಳಿದಿರಿ, ದಾವಣಗೆರೆ ಎಪಿಎಂಸಿಯ ದಿನದಿನದ ದರ, ಆವಕ ಎರಡನ್ನೂ ಮಾರುಕಟ್ಟೆ ದರಗಳ ಸರ್ಕಾರಿ ವೆಬ್‌ಸೈಟ್ ಆಗ್‌ಮಾರ್ಕ್‌ನೆಟ್‌ನಿಂದ ತೆಗೆದು, ಹಬ್ಬ, ಭಾನುವಾರ ಅಂತ ಮಾರುಕಟ್ಟೆ ಮುಚ್ಚಿದ ದಿನಗಳನ್ನು ಬೇರೆ ಮಾಡಿ, ಅನುಮಾನ ಬಂದ ಕಡೆ ನೀವೇ ಎಪಿಎಂಸಿಗೆ ಹೋಗಿ ವರ್ತಕರನ್ನು ಕೇಳಿ ತಿದ್ದಿದ್ದು ಅಂತ.

ನೀವು ಹೋಗುತ್ತಿರೋ ಊರಲ್ಲಿ 1848ರಲ್ಲಿ ಶುರುವಾದ ಷಿಕಾಗೋ ಬೋರ್ಡ್ ಆಫ್ ಟ್ರೇಡ್ ಇದೆ. ಮೆಕ್ಕೆಜೋಳದ ಫ್ಯೂಚರ್ಸ್, ಅಂದರೆ ಮುಂದೆ ಕೊಡುವ ಮಾಲಿಗೆ ಇವತ್ತೇ ದರ ಗೊತ್ತುಮಾಡುವ ವ್ಯಾಪಾರಕ್ಕೆ ಹೆಸರಾದ ಜಾಗ. ಒಂದು ಕಾಂಟ್ರಾಕ್ಟ್ ಅಂದರೆ 5,000 ಬುಶೆಲ್, ನಮ್ಮ ಲೆಕ್ಕದಲ್ಲಿ ಸುಮಾರು 127 ಟನ್. ಆ ಊರಿನ ಟ್ರೇಡಿಂಗ್ ಕಂಪನಿಗೆ ಅರ್ಜಿ ಹಾಕುವವರಲ್ಲಿ ಮೆಕ್ಕೆಜೋಳದ ರಾಶಿಯ ಪಕ್ಕ ನಿಂತು ಡೇಟಾ ತಿದ್ದಿದವರು ಎಷ್ಟು ಜನ ಇರುತ್ತಾರೆ ಹೇಳಿ? ಇದು ಮೊದಲ ಪುಟದ ಮೇಲಕ್ಕೆ ಬರಬೇಕು. ಎಷ್ಟು ವರ್ಷದ ಡೇಟಾ, ಯಾವುದನ್ನು ಹೇಗೆ ಸರಿಪಡಿಸಿದಿರಿ, ಅಂದಾಜು ಎಷ್ಟು ತಪ್ಪಿತು ಅಂತ ಮೂರು ಸಾಲು ಬರೆಯಿರಿ. ಇಂಟರ್ವ್ಯೂನಲ್ಲಿ ಒಂದು ಪ್ರಶ್ನೆ ಖಂಡಿತ ಬರುತ್ತದೆ: ‘ನಿನ್ನೆಯ ದರವೇ ಇವತ್ತಿನ ದರ’ ಅಂತ ಸುಮ್ನೆ ಹೇಳಿದ್ದರೆ ಎಷ್ಟು ತಪ್ಪುತ್ತಿತ್ತು, ನಿಮ್ಮ ಮಾಡೆಲ್ ಅದಕ್ಕಿಂತ ಉತ್ತಮವಾ? ಆ ಲೆಕ್ಕ ಈಗಲೇ ಮಾಡಿಟ್ಟುಕೊಳ್ಳಿ. ಉತ್ತಮವಲ್ಲ ಅಂತ ಬಂದರೂ ಹಾಗೇ ಬರೆಯಿರಿ, ಯಾಕೆ ಅಂತ ವಿವರಿಸಬಲ್ಲವರನ್ನು ಅಲ್ಲಿ ಗೌರವದಿಂದ ಕೇಳುತ್ತಾರೆ.

ಅಂಕ ಜೀವನಪೂರ್ತಿ ಕೇಳುತ್ತಾರಾ ಅಂದಿರಿ. ಇಲ್ಲ. ಮೊದಲ ಕೆಲಸಕ್ಕೆ ಎಂಎಸ್‌ನ ಜಿಪಿಎ ನೋಡುತ್ತಾರೆ, ಅದನ್ನು ಚೆನ್ನಾಗಿ ಇಟ್ಟುಕೊಳ್ಳಿ. ಎರಡನೇ ಕೆಲಸದ ಹೊತ್ತಿಗೆ ಹಿಂದೆ ಏನು ಕೆಲಸ ಮಾಡಿದಿರಿ ಅನ್ನೋದೇ ಜಾಸ್ತಿ ಮುಖ್ಯ. ಒಳ್ಳೆ ರ‍್ಯಾಂಕ್ ಬಂದವರಿಗೆ ಮೊದಮೊದಲು ಏನೋ ಕಳೆದುಕೊಂಡ ಹಾಗೆ ಅನ್ನಿಸುತ್ತದೆ, ನಿಮಗೂ ಅನ್ನಿಸಬಹುದು. ಸಿಇಟಿಯಲ್ಲಿ ಎಡವಿ ಇಲ್ಲಿ ವರ್ಷಗಟ್ಟಲೆ ಮಾತು ಕೇಳಿಸಿಕೊಂಡ ಹುಡುಗ ಹುಡುಗಿಯರು ಅಲ್ಲಿ ತಲೆ ಎತ್ತಿ ಕೆಲಸ ಮಾಡೋದನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದೇನೆ. ನಿಮ್ಮ ಕ್ಲಾಸಿನಲ್ಲೂ ಅಂಥವರು ಇದ್ದೇ ಇರುತ್ತಾರೆ, ಅವರಿಗೂ ಹೇಳಿ.

ದಿನಾಂಕದ ಬಗ್ಗೆ ಒಂದು ಮಾತು. ಟ್ರೇಡಿಂಗ್ ಕಂಪನಿಗಳು ಮುಂದಿನ ಬೇಸಿಗೆಯ ಇಂಟರ್ನ್‌ಶಿಪ್‌ಗೆ ಈ ವರ್ಷದ ಜುಲೈ, ಆಗಸ್ಟ್‌ನಲ್ಲೇ ಅರ್ಜಿ ತೆಗೆದುಕೊಳ್ಳೋಕೆ ಶುರು ಮಾಡುತ್ತವೆ, ಬಂದ ಹಾಗೆ ನೋಡುತ್ತಾ ಹೋಗುತ್ತವೆ. ಸಾಮಾನ್ಯವಾಗಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಓದಿದ ಮೇಲೆ ಸಿಪಿಟಿ, ಅಂದರೆ ಓದುತ್ತಿರುವಾಗಲೇ ಇಂಟರ್ನ್‌ಶಿಪ್ ಮಾಡೋಕೆ ಅನುಮತಿ, ಸಿಗುತ್ತದೆ, ನೀವು ಆಗಸ್ಟ್‌ನಲ್ಲಿ ಸೇರಿದರೆ ಮುಂದಿನ ಬೇಸಿಗೆಗೆ ತೊಂದರೆ ಇಲ್ಲ. ಅಲ್ಲಿಗೆ ಹೋಗಿ ಮನೆ ಹುಡುಕುವ ಗಡಿಬಿಡಿಯಲ್ಲಿ ಇದಕ್ಕೆಲ್ಲ ಸಮಯ ಸಿಗುವುದಿಲ್ಲ. ವಿಮಾನ ಹತ್ತುವ ಮೊದಲೇ ರೆಸ್ಯೂಮೆ ತಿದ್ದಿ ಮುಗಿಸಿ, ಬೇಕಿದ್ದರೆ ನನಗೆ ಕಳಿಸಿ, ಓದಿ ಹೇಳುತ್ತೇನೆ.