ಲ್ಯಾಮಿನೇಟಿನ ಅಂಚಿನಲ್ಲಿ ತುಂಡಾಗುವ ಫೈಬರ್: ಎರಡನೆಯ ಫಲಕಕ್ಕೆ ಕೈ ಹಾಕುವ ಮೊದಲು

ಅಕ್ರಿಲೇಟ್ ಲೇಪನದ ಆಪ್ಟಿಕಲ್ ಫೈಬರ್ (ಬೆಳಕು ಸಾಗಿಸುವ ಗಾಜಿನ ಎಳೆ) ಹೂತಿದ್ದ ಕಾರ್ಬನ್-ಎಪಾಕ್ಸಿ ಫಲಕವನ್ನು ಆಟೋಕ್ಲೇವ್‌ನಿಂದ, ಅಂದರೆ ಒತ್ತಡದ ಒಲೆಯಿಂದ, ತೆಗೆದು ಅಂಚು ಕತ್ತರಿಸುವಷ್ಟರಲ್ಲಿ ಫೈಬರಿನ ಮೂರು ಗ್ರೇಟಿಂಗ್‌ಗಳ (ಹಿಗ್ಗು ಮತ್ತು ತಾಪ ಅಳೆಯಲು ಒಂದು ತರಂಗಾಂತರದ ಬೆಳಕನ್ನು ಮಾತ್ರ ಪ್ರತಿಫಲಿಸುವ ಭಾಗಗಳ) ಸಿಗ್ನಲ್ ನಿಂತುಹೋಯಿತೆಂದೂ, ಮುಂದಿನ ಫಲಕದಲ್ಲಿ ಇನ್ನೂ ದಪ್ಪ ಲೇಪನದ ಫೈಬರನ್ನು ಅದೇ ಬದಿಯಿಂದ ಹೊರತೆಗೆಯುವ ಯೋಚನೆಯಿದೆಯೆಂದೂ ನೀವು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಕ್ಯೂರ್ ಆಗುವಾಗ, ಅಂದರೆ ಬಿಸಿಯಲ್ಲಿ ರಾಳ ಗಟ್ಟಿಗೊಳ್ಳುವಾಗ, ಅಂಚಿನತ್ತ ಹರಿಯುವ ರಾಳ ಫೈಬರನ್ನು ಹಿಡಿದುಕೊಂಡು ಹೊರಬಂದು ಅಲ್ಲಿಯೇ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಮೃದುವಾಗಿ ಬಾಗಿಸಿದರೂ ಬಾಗುವಿಕೆಯೆಲ್ಲ ಆ ರಾಳ ಮುಗಿಯುವ ಒಂದು ಗೆರೆಯ ಮೇಲೆಯೇ ಬೀಳುತ್ತದೆ. ಲೇಪನ ದಪ್ಪವಾದಷ್ಟೂ ಪದರಗಳ ನಡುವೆ ರಾಳ ತುಂಬಿದ ಕಣ್ಣು ದೊಡ್ಡದಾಗುವುದೇ ಹೊರತು ಅಂಚಿನ ಕಷ್ಟ ತಪ್ಪುವುದಿಲ್ಲ.

ನನಗೆ ಒಗ್ಗಿರುವ ವಿಧಾನವೆಂದರೆ ಫೈಬರನ್ನು ಅಂಚಿನಿಂದ ತೆಗೆಯದೆ ಮೇಲ್ಮೈಯಿಂದ ತೆಗೆಯುವುದು. ಮೇಲಿನ ಪ್ರಿಪ್ರೆಗ್ (ಮೊದಲೇ ರಾಳ ಹೀರಿಸಿದ ಎಳೆಗಳ ಹಾಳೆ) ಪದರಗಳಲ್ಲಿ ಆಯಾ ಪದರದ ಎಳೆಗಳ ದಿಕ್ಕಿನಲ್ಲಿಯೇ, ಎಳೆ ಕಡಿಯದಂತೆ, ಚಿಕ್ಕ ಸೀಳು ಮಾಡಿ ಫೈಬರನ್ನು ಓರೆಯಾಗಿ ಮೇಲಕ್ಕೆ ತನ್ನಿ. ಹೊರಬರುವ ಜಾಗದಲ್ಲಿ ಸಿಗುವುದರಲ್ಲೆಲ್ಲ ತೆಳುವಾದ ಟೆಫ್ಲಾನ್ ಕೊಳವೆ ತೊಡಿಸಿ, ಅದರ ಸ್ವಲ್ಪ ಭಾಗ ಲ್ಯಾಮಿನೇಟಿನ ಒಳಗೂ ಉಳಿದದ್ದು ಹೊರಗೂ ಇರಲಿ. ಕೊಳವೆಯ ಎರಡೂ ಬಾಯಿಗಳಿಗೆ, ಮುಖ್ಯವಾಗಿ ಒಳಗಿನ ಬಾಯಿಗೆ, ಕ್ಯೂರ್ ತಾಪ ತಡೆಯುವ ಸಿಲಿಕೋನ್ ಹಚ್ಚಿ ಹಿಂದಿನ ದಿನವೇ ಒಣಗಿಸಿಡಿ. ಇಲ್ಲದಿದ್ದರೆ ತೆಳುವಾದ ರಾಳ ಕೊಳವೆಯೊಳಕ್ಕೆ ತಾನಾಗಿಯೇ ಏರಿ ಇಡೀ ಉದ್ದವನ್ನು ಒಂದೇ ಕಡ್ಡಿಯನ್ನಾಗಿಸುತ್ತದೆ, ಕೊಳವೆ ಹಾಕಿದ್ದು ವ್ಯರ್ಥವಾಗುತ್ತದೆ. ಟೆಫ್ಲಾನ್ ಎಪಾಕ್ಸಿಗೆ ಅಂಟುವುದಿಲ್ಲವಾದ್ದರಿಂದ ಪದರ ಬಿಡುವುದು ಅಲ್ಲಿಂದಲೇ ಶುರುವಾಗಬಹುದು. ಹೆಚ್ಚು ಹೊರೆ ಬೀಳುವ ಜಾಗದಲ್ಲಿ ಅದನ್ನು ಇಡಲೇಬಾರದು.

ಹೊರಗುಳಿದ ಫೈಬರನ್ನು ಅಗಲವಾದ ಸುರುಳಿ ಮಾಡಿ ರಾಳಕ್ಕೆ ಅಂಟದ ಎರಡು ರಿಲೀಸ್ ಫಿಲ್ಮ್‌ಗಳ ನಡುವೆ ನಿರ್ವಾತ ಬ್ಯಾಗಿನೊಳಗೇ ಇಟ್ಟುಬಿಡಿ, ಕನೆಕ್ಟರನ್ನು ಕ್ಯೂರ್ ಆದ ಮೇಲೆ ಸ್ಪ್ಲೈಸ್ ಮಾಡಿ (ಬೆಸೆಯಿರಿ). ಕ್ಯೂರ್ ನಡೆಯುತ್ತಿರುವಾಗಲೇ ಓದಬೇಕೆಂಬ ಹಟವಿದ್ದರೆ ಮಾತ್ರ ಬ್ಯಾಗಿನ ಅಂಚು ಮುಚ್ಚುವ ಸೀಲಂಟ್ ಟೇಪಿನ ಎರಡು ಪದರಗಳ ನಡುವಿನಿಂದ ಕೊಳವೆ ಸಮೇತ ದಾಟಿಸಿ.

ನಿಮ್ಮ ಲೇಪನದ ಆಯ್ಕೆಯೂ ತಪ್ಪಾಗಿದೆ. ಸಾಮಾನ್ಯ ಅಕ್ರಿಲೇಟ್ ಸುಮಾರು 85 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಳಕೆಗೆ ಮಾಡಿದ್ದು. 120 ಡಿಗ್ರಿಯ ಕ್ಯೂರ್‌ನಲ್ಲಿ ಅದು ಮೆತ್ತಗಾಗುತ್ತದೆ, ಆಮೇಲೆ ಲ್ಯಾಮಿನೇಟಿನ ಹಿಗ್ಗು ಗಾಜಿಗೆ ಪೂರ್ತಿಯಾಗಿ ತಲುಪುವುದೆಂದು ನಂಬುವಂತಿಲ್ಲ. ಪಾಲಿಇಮೈಡ್ ಲೇಪನದ್ದನ್ನೇ ತರಿಸಿ. ಗಾಜು 125 ಮೈಕ್ರಾನ್, ಲೇಪನ ಸೇರಿದರೂ 150ರ ಆಸುಪಾಸು, ಅಕ್ರಿಲೇಟ್‌ನದು 250. ಎಸ್‌ಎಂಎಫ್-28 ಎಂಬ ಫೈಬರ್ ಮಾದರಿಯ ಹೆಸರು ನೋಡಿ ಕೊಂಡರೆ ಸಾಲದು, ಲೇಪನ ಯಾವುದೆಂದು ಕೇಳಿ ಕೊಳ್ಳಬೇಕು. ದುಬಾರಿ ಇಂಟರಾಗೇಟರ್ (ಗ್ರೇಟಿಂಗ್ ಓದುವ ಉಪಕರಣ) ಬಂದರೆ ಎಲ್ಲವೂ ಸರಿಹೋಗುತ್ತದೆಂದು ಈ ಚರ್ಚೆಯಲ್ಲಿ ಒಬ್ಬರು ಬರೆದಿರುವುದನ್ನು ನಾನು ಒಪ್ಪುವುದಿಲ್ಲ. ಒರೆಸದ ಕನೆಕ್ಟರ್ ಇದ್ದರೆ ಯಾವ ಉಪಕರಣವೂ ಅಷ್ಟೇ.

ಫೈಬರನ್ನು ಪಕ್ಕದ ಪದರಗಳ ಎಳೆಗಳಿಗೆ ಸಮಾನಾಂತರವಾಗಿ ಇಟ್ಟರೆ ರಾಳದ ಕಣ್ಣು ಬಹುಮಟ್ಟಿಗೆ ಇಲ್ಲವಾಗುತ್ತದೆ. ಒರಟು ನೇಯ್ಗೆಯ ಬಟ್ಟೆಯ ಮೇಲೆ ಒತ್ತಿದರೆ ನೂಲಿನ ಏರಿಳಿತವೇ ಸೂಕ್ಷ್ಮ ಬಾಗುಗಳಾಗಿ ಬೆಳಕು ಸೋರುತ್ತದೆ. ಕ್ಯೂರ್ ಆದ ಮೇಲೆ ಗ್ರೇಟಿಂಗ್ ಪ್ರತಿಫಲಿಸುವ ಬೆಳಕಿನ ಒಂದು ಶಿಖರ ಎರಡಾಗಿ ಕಂಡರೆ ಗ್ರೇಟಿಂಗ್ ಕೆಟ್ಟಿತೆಂದು ಎಸೆಯಬೇಡಿ, ಅಡ್ಡ ಒತ್ತಡದಿಂದಲೂ ಹಾಗಾಗುತ್ತದೆ. ಅದಕ್ಕಾಗಿಯೇ ಪದರ ಹಾಕುವ ಮೊದಲು, ಬ್ಯಾಗ್ ಎಳೆದ ಮೇಲೆ, ಕ್ಯೂರ್ ಆದ ಮೇಲೆ ಪೂರ್ಣ ಸ್ಪೆಕ್ಟ್ರಮ್ ಉಳಿಸಿಡಬೇಕು. ಬರಿಯ ಶಿಖರದ ಅಂಕಿ ಸಾಲದು.

ತಾಪದ ಲೆಕ್ಕವನ್ನು ನೀವು ಎತ್ತಲೇ ಇಲ್ಲ. 1550 ನ್ಯಾನೋಮೀಟರ್ ಹತ್ತಿರ ಒಂದು ಮೈಕ್ರೋಸ್ಟ್ರೇನ್‌ಗೆ (ಉದ್ದದ ಹತ್ತು ಲಕ್ಷದ ಒಂದು ಪಾಲಿನಷ್ಟು ಹಿಗ್ಗಿಗೆ) ಶಿಖರ ಸುಮಾರು 1.2 ಪಿಕೋಮೀಟರ್ ಸರಿದರೆ, ಬರಿಯ ಫೈಬರಿನಲ್ಲಿ ಒಂದು ಡಿಗ್ರಿಗೇ ಸುಮಾರು 10 ಪಿಕೋಮೀಟರ್ ಸರಿಯುತ್ತದೆ. ಹೂತ ಮೇಲೆ ಲ್ಯಾಮಿನೇಟಿನ ಹಿಗ್ಗುವಿಕೆಯೂ ಸೇರುವುದರಿಂದ ಆ ಅಂಕಿಯನ್ನು ನಿಮ್ಮ ಫಲಕದ ಮೇಲೆಯೇ ಅಳೆಯಬೇಕು, ಇಲ್ಲವೇ ಸಣ್ಣ ಕೊಳವೆಯೊಳಗೆ ಸಡಿಲವಾಗಿ ಕುಳಿತ ಇನ್ನೊಂದು ಗ್ರೇಟಿಂಗ್ ಜೊತೆಗಿರಬೇಕು.

ಕೊನೆಯದಾಗಿ, ಮೊದಲ ಫಲಕವನ್ನು ಬಿಸಾಡಬೇಡಿ. ಕೆಂಪು ಬೆಳಕಿನ ಪರೀಕ್ಷಕವನ್ನು ಹಚ್ಚಿ ನೋಡಿ. ಅಂಚಿನಲ್ಲಿಯೇ ಹೊಳೆದರೆ ಮುರಿದಿರುವುದು ಅಲ್ಲಿಯೇ. ಫೈಬರಿನ ಇನ್ನೊಂದು ತುದಿಯೂ ಹೊರಗಿದ್ದು ಅದು ಮುರಿಯದೆ ಉಳಿದಿದ್ದರೆ, ಗ್ರೇಟಿಂಗ್ ಎರಡೂ ಕಡೆಯಿಂದ ಪ್ರತಿಫಲಿಸುವುದರಿಂದ ಆ ತುದಿಗೆ ಪಿಗ್‌ಟೇಲ್ (ಕನೆಕ್ಟರ್ ಇರುವ ತುಂಡು ಫೈಬರ್) ಸ್ಪ್ಲೈಸ್ ಮಾಡಿ ಮೂರೂ ಗ್ರೇಟಿಂಗ್‌ಗಳನ್ನು ಓದಬಹುದು.